ನೃತ್ಯಶಾಲೆಯ ವಾರ್ಡಿಗೆ ಬಂದ ಲೆಫ್ಟಿನೆಂಟ್

ಯುದ್ಧಕ್ಕೆ ಮುಂಚೆ ಶಿರಾಯುಕಿ ಮಾರು ಯೊಕೊಹಾಮಾದಿಂದ ಅಮೆರಿಕಕ್ಕೆ ಸಿರಿವಂತರನ್ನು ಒಯ್ಯುತ್ತಿದ್ದ ಹಡಗು. ನಾನು ಅದನ್ನು ಹತ್ತುವ ಹೊತ್ತಿಗೆ ಅದರ ಕಪ್ಪು ಮೈಗೆ ಬಿಳಿ ಬಳಿದು, ಸುತ್ತಲೂ ಹಸಿರು ಪಟ್ಟೆ ಎಳೆದು, ಹೊಗೆಕೊಳವೆಯ ಮೇಲೆ ಕೆಂಪು ಶಿಲುಬೆ ಬರೆದಿದ್ದರು. ಮೊದಲ ದರ್ಜೆಯವರ ನೃತ್ಯಶಾಲೆಯೇ ನಮ್ಮ ಮೂರನೆಯ ವಾರ್ಡು. ಚಾವಣಿಯಲ್ಲಿ ಗಾಜಿನ ಹೂಗಳು ಹಾಗೇ ಇದ್ದವು. ಕೆಳಗೆ ಕಬ್ಬಿಣದ ಮಂಚಗಳು, ಕೀವಿನ ವಾಸನೆ. ಅಂಗಾತ ಮಲಗಿದವರು ಆ ಹೂಗಳನ್ನೇ ನೋಡುತ್ತ ಸಾಯುತ್ತಿದ್ದರು.

ನಾನು ಇವಾಕಿ ಫುಮಿ, ನಿಗಾತಾದವಳು, ಅಲ್ಲಿ ದಾದಿಯಾಗಿದ್ದೆ.

ಯುದ್ಧದ ಕೊನೆಯ ಬೇಸಿಗೆಯಲ್ಲಿ ದಕ್ಷಿಣದ ಒಂದು ದ್ವೀಪದಿಂದ ಗಾಯಾಳುಗಳನ್ನು ತುಂಬಿಕೊಂಡು ಊರ ಕಡೆ ಹೊರಟೆವು. ಆ ದ್ವೀಪ ಅಕ್ಕಿ ಕಂಡು ವರ್ಷವಾಗಿತ್ತು. ಹೊರಡುವ ಗಳಿಗೆಯಲ್ಲಿ ಅಲ್ಲಿನ ಕಮಾಂಡರ್ ಒಬ್ಬ ಲೆಫ್ಟಿನೆಂಟನನ್ನು ನಮ್ಮ ತಲೆಗೆ ಕಟ್ಟಿದ. ಅವನ ಹೆಸರು ಕಾಜಿಉರಾ. ತನ್ನ ಕಾಲ ಮೇಲೆಯೇ ಏಣಿ ಹತ್ತಿ ಬಂದ. ಟೋಕಿಯೋದಲ್ಲಿ ಅವನಿಗೆ ತುರ್ತು ಕೆಲಸವಿದೆ, ಬೇರೆ ಹಡಗಿಲ್ಲ, ಕಾಲಿಗೆ ಗಾಯವೆಂದು ಪಟ್ಟಿ ಸುತ್ತಿ ಮಲಗಿಸಿ ಎಂದು ಆಜ್ಞೆಯಾಯಿತು. ನಮ್ಮ ಡಾಕ್ಟರು ಆಗುವುದಿಲ್ಲ ಎಂದು ಕೂಗಾಡಿದರು, ಕೊನೆಗೆ ಸೋತು ಅವನ ಮುಖವನ್ನೂ ನೋಡದೆ ಹೋಗಿಬಿಟ್ಟರು.

ಪಟ್ಟಿ ಸುತ್ತಿದವಳು ನಾನು. ಮಲಗಿಸುವಾಗ ಅವನ ಅಂಗಿಯ ಒಳಗೆ ಪಿಸ್ತೂಲು ಕೈಗೆ ತಾಗಿತು. ಆಸ್ಪತ್ರೆ ಹಡಗಿನಲ್ಲಿ ಗಟ್ಟಿಮುಟ್ಟಾದ ಸೈನಿಕನೊಬ್ಬ ವೇಷ ಹಾಕಿ ಮಲಗಿದ್ದಾನೆಂದು ಶತ್ರುಗಳಿಗೆ ಗೊತ್ತಾದರೆ ದಾಳಿಯಿಂದ ನಮ್ಮನ್ನು ಕಾಯುವ ಬಿಳಿ ಬಣ್ಣಕ್ಕೆ ಬೆಲೆಯೇ ಉಳಿಯುವುದಿಲ್ಲ.

ಮುಖ್ಯ ದಾದಿ ಓತಾಕೆಯವರಿಗೆ ಹೇಳಿದೆ.

"ಬಾಯಿ ಬಿಡಬೇಡ ಫುಮಿ. ರೋಗಿಗಳು ಹೆದರ್ತಾರೆ," ಎಂದರು. ಆಮೇಲೆ ಅವರು ಊಟಕ್ಕೆ ಕೂತದ್ದನ್ನು ನಾನು ಕಾಣಲಿಲ್ಲ. ದೂರದಲ್ಲಿ ವಿಮಾನದ ಸದ್ದಾದರೆ ಸಾಕು, ನನ್ನ ಕಣ್ಣು ಕಾಜಿಉರಾನ ಮಂಚದ ಕಡೆ ಹೋಗುತ್ತಿತ್ತು.

ಒಂದು ಬೆಳಗ್ಗೆ ಎಂಜಿನ್ನುಗಳು ನಿಂತುಬಿಟ್ಟವು. ಕಿಟಕಿಯಲ್ಲಿ ನೋಡಿದರೆ ಬೂದು ಬಣ್ಣದ ಶತ್ರು ಯುದ್ಧನೌಕೆ, ಅದರಿಂದ ದೋಣಿ ಇಳಿಯುತ್ತಿತ್ತು. ತಪಾಸಣೆ!

ಓತಾಕೆಯವರು ನೇರ ಕಾಜಿಉರಾನ ಬಳಿ ಬಂದರು. "ಪಿಸ್ತೂಲು ಕೊಡಿ ಸಾಹೇಬ್ರೆ."

"ಅದು ಚಕ್ರವರ್ತಿ ಕೊಟ್ಟ ಆಯುಧ. ಹೆಂಗಸಿನ ಕೈಗೆ ಕೊಡೋದಾ?"

ಪಕ್ಕದ ಮಂಚದಲ್ಲಿ ಯಾಸುಕಿಚಿ ಇದ್ದ. ಒಸಾಕಾದ ಮೀನು ವ್ಯಾಪಾರಿ, ಎರಡೂ ಕಾಲು ಕಳೆದುಕೊಂಡವನು. ಅವನು ತಲೆ ಎತ್ತಿದ. "ಕೊಟ್ಬಿಡಿ ಸಾಹೇಬ್ರೆ. ಹಡಗು ಮುಳುಗಿಸಿದ್ರೆ ನೀವೇನೋ ಈಜ್ತೀರಿ. ನಾನು ಯಾವುದರಲ್ಲಿ ಈಜ್ಲಿ, ಮೂಗಿನಲ್ಲಾ?"

ಯಾರೋ ನಕ್ಕರು. ಯಾರೋ ಅಳತೊಡಗಿದರು. ಕಾಜಿಉರಾ ಮುಖ ತಿರುಗಿಸಿಕೊಂಡು ಪಿಸ್ತೂಲನ್ನು ಹೊದಿಕೆಯ ಮೇಲೆ ಇಟ್ಟ.

ನಾನು ಅದನ್ನು ಕೊಳೆತ ಪಟ್ಟಿಗಳ ಬಕೆಟ್ಟಿನ ತಳಕ್ಕೆ ತುರುಕಿ ಹೊರಗೆ ಓಡಿದೆ. ಆದರೆ ಡೆಕ್ಕಿನ ಮೇಲೆ ಶತ್ರು ನಾವಿಕರು ಆಗಲೇ ಹತ್ತಿ ಬಂದಿದ್ದರು. ಕೆಂಪು ಕೂದಲಿನ ನಾವಿಕನೊಬ್ಬ ಬಂದೂಕಿನ ತುದಿಯಿಂದ ಬಕೆಟ್ಟಿನ ಮುಚ್ಚಳ ತೋರಿಸಿದ. ತೆಗೆದೆ. ಕೀವಿನ ಮೇಲೆ ಹುಳುಗಳು ಗಿಜಿಗುಡುತ್ತಿದ್ದವು. ಅವನು ಮೂಗು ಮುಚ್ಚಿಕೊಂಡು, ಹೋಗು ಹೋಗು ಎಂದು ಕೈ ಬೀಸಿದ. ಡೆಕ್ಕಿನ ಅಂಚಿನ ಕಟಕಟೆಯವರೆಗೆ ಹೇಗೆ ನಡೆದೆನೋ. ಬಕೆಟ್ಟನ್ನು ಕವುಚಿದೆ. ಪಿಸ್ತೂಲು ನೀರಿಗೆ ಬಿದ್ದ ಸದ್ದು ಹಡಗಿಗೆಲ್ಲ ಕೇಳಿತೆಂದು ನನಗನ್ನಿಸಿತು, ಯಾರೂ ತಿರುಗಲಿಲ್ಲ.

ವಾರ್ಡಿಗೆ ಮರಳಿದಾಗ ಶತ್ರುಗಳ ಡಾಕ್ಟರ್ ಮಂಚದಿಂದ ಮಂಚಕ್ಕೆ ಬರುತ್ತಿದ್ದ. ಜೊತೆಗಿದ್ದ ದುಭಾಷಿ ನಮ್ಮದೇ ಮುಖದವನು, ಹಿರೋಶಿಮಾ ಕಡೆಯ ಮಾತು, ಅಮೆರಿಕಕ್ಕೆ ವಲಸೆ ಹೋದ ಜಪಾನಿಗಳ ಮಗನಿರಬೇಕು. ಡಾಕ್ಟರ್ ಕಾಜಿಉರಾನ ಮುಂದೆ ನಿಂತ.

"ಪಟ್ಟಿ ಬಿಚ್ಚಬೇಕಂತೆ ಅಕ್ಕಾ," ಎಂದ ದುಭಾಷಿ.

ಸುತ್ತು ಸುತ್ತಾಗಿ ಬಿಚ್ಚಿದೆ. ಎಷ್ಟು ನಿಧಾನಿಸಿದರೂ ಪಟ್ಟಿ ಮುಗಿಯಲೇಬೇಕಲ್ಲ. ಮುಗಿಯಿತು. ಕಾಲ ಮೇಲೆ ಒಂದು ಗೀರೂ ಇರಲಿಲ್ಲ. ಕಾಜಿಉರಾ ಕಣ್ಣು ಮುಚ್ಚಿಕೊಂಡ. ಓತಾಕೆಯವರ ಬೆರಳು ನನ್ನ ತೋಳನ್ನು ಹಿಂಡುತ್ತಿತ್ತು.

ಡಾಕ್ಟರ್ ಬಗ್ಗಿ, ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದ. ಕೈ ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ಹಸಿ ಅಕ್ಕಿಹಿಟ್ಟಿನ ಮುದ್ದೆಯಲ್ಲಿ ಉಳಿದಂತೆ. ಇನ್ನೂ ಮೇಲೆ ಒತ್ತಿದ, ಅಲ್ಲೂ ಗುಳಿ. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿ, ಸಿಟ್ಟಿನಿಂದ ಏನೋ ಹೇಳಿದ.

"ಬೆರಿಬೆರಿ ಅಂತೆ, ಸರಿಯಾದ ಊಟ ಇಲ್ಲದೆ ಬರೋ ಊತದ ರೋಗ," ಎಂದ ದುಭಾಷಿ. "ಎದೆಗೂ ಏರಿದೆ. ಇವರನ್ನ ಎದ್ದು ಓಡಾಡೋಕೆ ಯಾಕೆ ಬಿಟ್ಟಿದ್ದೀರಿ ಅಂತ ಕೇಳ್ತಿದಾರೆ. ಪಟ್ಟಿ ಯಾಕೆ ಅಂತಲೂ."

"ಊತಕ್ಕೆ," ಎಂದರು ಓತಾಕೆಯವರು, ರೆಪ್ಪೆ ಅಲುಗಿಸದೆ.

ಡಾಕ್ಟರ್ ಅವರನ್ನು ಒಮ್ಮೆ ನೋಡಿ ಮುಂದಿನ ಮಂಚಕ್ಕೆ ಹೋದ.

ದೋಣಿ ಮರಳಿ, ಎಂಜಿನ್ನು ಮತ್ತೆ ಗುಡುಗಿದ ಮೇಲೆ ಓತಾಕೆಯವರು ಔಷಧದ ಕೋಣೆಯೊಳಗೆ ನೆಲದ ಮೇಲೆ ಕುಸಿದು ಕೂತರು. ಕಾಜಿಉರಾ ತನ್ನ ಕಾಲನ್ನು ತಾನೇ ಒತ್ತಿ ಒತ್ತಿ ನೋಡುತ್ತಿದ್ದ.

"ಎಲ್ಲರೂ ಸೊರಗ್ತಿದ್ರು, ನನ್ನ ಕಾಲು ದಪ್ಪ ಆಗ್ತಿತ್ತು. ನಾನೊಬ್ಬ ಗಟ್ಟಿ ಅಂದ್ಕೊಂಡಿದ್ದೆ," ಎಂದ.

"ಈಗ ನಮ್ಮ ಜಾತಿಗೆ ಸೇರಿದ್ರಿ ಬಿಡಿ," ಎಂದ ಯಾಸುಕಿಚಿ. ಆಮೇಲೆ ದನಿ ತಗ್ಗಿಸಿ ಕೇಳಿದ, "ಆ ತುರ್ತು ಕೆಲಸ ಏನು ಸಾಹೇಬ್ರೆ?"

ಕಾಜಿಉರಾ ಕಾಲಿನಿಂದ ಕೈ ತೆಗೆದ. "ಕೆಲಸ ಏನೂ ಇಲ್ಲ. ಕಮಾಂಡರ್ ನನ್ನ ಮಾವ. ಮಗಳು ವಿಧವೆ ಆಗಬಾರದು ಅಂತ ಕಳಿಸಿದ್ರು. ನಾನು ಒಲ್ಲೆ ಅನ್ನಲಿಲ್ಲ."

ವಾರ್ಡಿನಲ್ಲಿ ಯಾರೂ ಅವನನ್ನು ಬಯ್ಯಲಿಲ್ಲ. ಅಂದಿನಿಂದ ಅವನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬು ಪೇರಿಸಿ ಕೂರಿಸಿದೆವು, ಸೂಜಿಮದ್ದು ಕೊಟ್ಟೆವು, ತೌಡಿನ ಗಂಜಿ ಕುಡಿಸಿದೆವು. ಬದುಕಿಯಾನೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಊರು ಸೇರಿ, ಮೈಜುರು ಬಂದರಿನ ಆಸ್ಪತ್ರೆಗೆ ಅವನನ್ನು ಸ್ಟ್ರೆಚರಿನಲ್ಲಿ ಇಳಿಸುವಾಗ ಅವನು ನನ್ನ ತೋಳನ್ನು ಮುಟ್ಟಿ ಏನೋ ಹೇಳಲು ಹೋದ, ಉಸಿರು ಸಾಲಲಿಲ್ಲ.

ಅವನು ಬದುಕಿದ. ಚಳಿಗಾಲದಲ್ಲಿ ಹೆಂಡತಿ ಬಂದು ಕರೆದುಕೊಂಡು ಹೋದಳೆಂದು ಅದೇ ಆಸ್ಪತ್ರೆಯಲ್ಲಿದ್ದ ಯಾಸುಕಿಚಿ ನನಗೆ ಹೇಳಿದ. ನಾವು ಆ ದ್ವೀಪಕ್ಕೆ ಮತ್ತೊಮ್ಮೆ ಹೋಗುವ ಮೊದಲೇ ಯುದ್ಧ ಮುಗಿದಿತ್ತು. ಅಲ್ಲಿ ಉಳಿದವರನ್ನು ಕರೆತರಲು ಶಿರಾಯುಕಿ ಮಾರುವೇ ಹೋಯಿತು, ನಾನೂ ಹೋದೆ. ದಡದಲ್ಲಿ ನಿಂತವರು ಎಲುಬಿನ ಗೂಡುಗಳು. ಕಮಾಂಡರ್ ಎಲ್ಲಿ ಎಂದು ಓತಾಕೆಯವರು ಕೇಳಿದರು. ಒಬ್ಬ ಸೈನಿಕ ತೆಂಗಿನ ಮರಗಳ ಆಚೆಯ ಮಣ್ಣಿನ ದಿಬ್ಬಗಳ ಕಡೆ ಕೈ ತೋರಿಸಿದ.