ಕ್ರಿಯಾಪದದ ಪಕ್ಕದ ಪುಟ್ಟ ಪದ

ಮೋಟುವಿನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಅವಳ ಹೆತ್ತ ತಂದೆಯಿಂದ ಫೋನ್ ಬಂತು. ಮಗಳನ್ನು ತನ್ನ ಬಳಿಗೆ ಕಳಿಸಿಕೊಡಿ ಎಂದು ಅವನು ಕೇಳಿದ. ಫೋನ್ ಎತ್ತಿಕೊಂಡವನು ಮೋಟುವಿನ ಮಲತಂದೆ, ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಆಗ ಅವನು ಒಂದು ಬಟ್ಟೆ ಅಂಗಡಿಯ ಲಿಫ್ಟಿನ ನೆತ್ತಿಯ ಮೇಲೆ ಕೂತು ಬಾಗಿಲಿನ ಪಟ್ಟಿಗೆ ಗ್ರೀಸ್ ಹಚ್ಚುತ್ತಿದ್ದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಹೂಂ, ಹೂಂ" ಎನ್ನುತ್ತಾ ಹೋದ. ಮಾತು ಮುಗಿದ ಮೇಲೂ ಕೈ ಮಾತ್ರ ಅದೇ ಜಾಗಕ್ಕೆ ಗ್ರೀಸ್ ಬಳಿಯುತ್ತಲೇ ಇತ್ತು.

ಮೋಟುವನ್ನು ಅವನು ಮೊದಲು ನೋಡಿದ್ದಲ್ಲ, ಕೇಳಿದ್ದು. ಅವಳ ತಾಯಿ ಕಣ್ಣಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸದಲ್ಲಿದ್ದಳು. ಗಂಡನಿಂದ ಬೇರೆಯಾಗಿ ಮಗಳೊಂದಿಗೆ ಒಂದು ಕೋಣೆಯ ಮನೆಯಲ್ಲಿದ್ದಳು. ಒಂದು ದಿನ ತಾಯಿ ಮಗಳಿಬ್ಬರೂ ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಮೆಕ್ಯಾನಿಕ್ ಹೊರಗೆ ನಿಂತು ಕೆಲಸ ಮಾಡುತ್ತಾ, ಒಳಗಿನವರು ಹೆದರದಿರಲಿ ಎಂದು ಬಾಯಿಗೆ ಬಂದದ್ದೆಲ್ಲ ಮಾತಾಡಿದ. ಅವನು ಸ್ವಲ್ಪ ಸುಮ್ಮನಾದರೆ ಸಾಕು, ಒಳಗಿನಿಂದ ಒಂದು ಪುಟ್ಟ ದನಿ "ಮಾಮ, ಇದ್ದೀಯಾ?" ಎನ್ನುತ್ತಿತ್ತು. ಬಾಗಿಲು ತೆರೆದಾಗ ಕಂಡದ್ದು ಭುಜ ದಾಟದ ಜಡೆಯ ಹುಡುಗಿ. ಆ ಜಡೆಯಿಂದಲೇ ತಾಯಿ ಅವಳನ್ನು ಮೋಟು ಎಂದು ಕರೆಯುತ್ತಿದ್ದಳು. ಮುಂದೆ ಅವನು ಆ ತಾಯಿಯನ್ನು ಮದುವೆಯಾದರೂ ಹುಡುಗಿಗೆ ಅವನು ಮಾಮನಾಗಿಯೇ ಉಳಿದ. ಯಾರೂ ತಿದ್ದಲಿಲ್ಲ.

ತಿದ್ದದೆ ಬಿಟ್ಟದ್ದು ಇನ್ನೊಂದೂ ಇತ್ತು. ಮೋಟುವನ್ನು ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಬೇಕೆಂದು ಗಂಡ ಹೆಂಡತಿ ಆಗಾಗ ಅಂದುಕೊಳ್ಳುತ್ತಿದ್ದರು. ಇವತ್ತು ಲಿಫ್ಟ್ ಕೆಟ್ಟಿತು, ನಾಳೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ, ಹೀಗೇ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದವಳು "ಯಾಕೋ ತಲೆ ಸಿಡೀತಿದೆ" ಎಂದು ಮಂಚದ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು.

ಹೆತ್ತ ತಂದೆ ಕೆಟ್ಟವನೇನಲ್ಲ. ಸ್ಪ್ಯಾನಿಷ್ ಮಾತಾಡುವ ದೇಶವೊಂದರಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಯವಳನ್ನೇ ಮದುವೆಯಾಗಿದ್ದ, ಅವನಿಗೊಬ್ಬಳು ಪುಟ್ಟ ಮಗಳಿದ್ದಳು. "ನೀವು ಅವಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀರ, ಗೊತ್ತು. ಆದ್ರೂ ನಾನು ಅಪ್ಪ ಅಲ್ವಾ?" ಎಂದು ಫೋನಿನಲ್ಲಿ ಅತ್ತಿದ್ದ.

ಮಕ್ಕಳ ಕಲ್ಯಾಣದ ಕಚೇರಿಯಲ್ಲಿ ಒಬ್ಬ ಅಧಿಕಾರಿ ಮೆಕ್ಯಾನಿಕ್‌ನ ಮಾತನ್ನು ಎದುರಿಗೆ, ಹೆತ್ತ ತಂದೆಯ ಮಾತನ್ನು ಫೋನಿನಲ್ಲಿ ಕೇಳಿದಳು. ಮೋಟುವನ್ನು ಪಕ್ಕದ ಕೋಣೆಗೆ ಕರೆದು "ನಿನಗೇನು ಇಷ್ಟಮ್ಮ?" ಎಂದಳು. ಹುಡುಗಿ "ಗೊತ್ತಿಲ್ಲ" ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಅಲ್ಲಿನ ಶಾಲೆಗೆ ಸೇರಲು ಭಾಷೆಯ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಈ ವರ್ಷವೇ ಹೋಗುವುದು. ಆಗದಿದ್ದರೆ ಇನ್ನೊಂದು ವರ್ಷ ಇಲ್ಲೇ ಇರುವುದು, ಆಮೇಲಿನದು ಆಮೇಲೆ.

ಹಾಗಾಗಿ ಶನಿವಾರಗಳಂದು ಮೋಟು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದ ಸ್ಪ್ಯಾನಿಷ್ ತರಗತಿಗೆ ಹೋಗತೊಡಗಿದಳು. ಮೆಕ್ಯಾನಿಕ್ ಅವಳನ್ನು ಬಿಟ್ಟು ಹಿಂದಿನ ಬೆಂಚಿನಲ್ಲಿ ಕಾಯುತ್ತಾ ಕೂರುತ್ತಿದ್ದ. ಟೀಚರ್ ದಪ್ಪ ಕನ್ನಡಕದ ಹೆಂಗಸು. ಕೆಲಸಕ್ಕಿದ್ದಾಗ ಪ್ರವಾಸಿಗಳನ್ನು ಸುತ್ತಾಡಿಸುತ್ತಿದ್ದವಳು, ಈಗಲೂ ಕೈ ಎತ್ತಿ ಮಾತಾಡಿದರೆ ಏನನ್ನೋ ತೋರಿಸಿದ ಹಾಗಿರುತ್ತಿತ್ತು. "ಸುಮ್ನೆ ಕೂತು ಆಕಳಿಸೋ ಬದಲು ನೀವೂ ಕಲೀರಿ" ಎಂದು ಅವನ ಕೈಗೂ ಒಂದು ಹಾಳೆ ಕೊಟ್ಟಳು.

"ನಾವು ಪದದ ಬಾಲಕ್ಕೆ ಅಂಟಿಸ್ತೀವಿ. ಗೆ, ಇಂದ, ಅಲ್ಲಿ, ಹೀಗೆ. ಅವರು ಪದದ ಮುಂದೆ ಒಂದು ಪುಟ್ಟ ಪದ ಇಡ್ತಾರೆ. ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಪುಟ್ಟ ಪದ ಗಂಟುಬಿದ್ದಿದೆ. ಯಾಕೆ ಅಂತ ಕೇಳಬೇಡಿ. ಮದುವೆ ಥರ. ಆಗಿಹೋಗಿದೆ, ಒಪ್ಪಿಕೊಳ್ಳಿ" ಎಂದಳು ಟೀಚರ್.

ಪ್ರೀತಿಯಲ್ಲಿ ಬೀಳುವುದು ಎಂದರೆ 'ಎನಮೊರಾರ್ಸೆ'. ಅದರ ಪಕ್ಕ 'ದೆ' ಬರಬೇಕು. 'ದೆ' ಎಂದರೆ 'ಇಂದ'. ಮದುವೆಯಾಗುವುದು 'ಕಸಾರ್ಸೆ'. ಅದರ ಪಕ್ಕ 'ಕೋನ್'. 'ಕೋನ್' ಎಂದರೆ 'ಜೊತೆ'.

"ಅಂದ್ರೆ ಪ್ರೀತಿ ಒಬ್ಬರಿಂದ, ಮದುವೆ ಇನ್ನೊಬ್ಬರ ಜೊತೆನಾ ಟೀಚರ್?" ಎಂದು ಮೆಕ್ಯಾನಿಕ್ ಹಿಂದಿನಿಂದ ಕೇಳಿದ. ತರಗತಿಯೆಲ್ಲ ಗೊಳ್ಳೆಂದಿತು. ತಾಯಿ ಹೋದ ಮೇಲೆ ಮೋಟು ಬಾಯ್ತುಂಬ ನಕ್ಕದ್ದು ಅದೇ ಮೊದಲು. ಅದನ್ನು ನೋಡಿದ ಮೇಲೆ ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಒಂದು ವಾರ 'ಸೊನ್ಯಾರ್' ಬಂತು. ಕನಸು ಕಾಣುವುದು. ಅದಕ್ಕೂ 'ಕೋನ್'. ಯಾರ ಬಗ್ಗೆ ಕನಸು ಬಿತ್ತೋ ಅವರ ಜೊತೆ ಕನಸು ಕಂಡೆ ಎಂದೇ ಆ ಭಾಷೆಯಲ್ಲಿ ಹೇಳಬೇಕು.

ಮೋಟು ಕೈ ಎತ್ತಿದಳು. "ಟೀಚರ್, ಅಮ್ಮನ ಜೊತೆ ಕನಸು ಕಂಡೆ ಅಂದ್ರೆ, ಆ ಹೊತ್ತಿಗೆ ಅಮ್ಮನೂ ಕನಸು ಕಾಣ್ತಿರ್ತಾಳಾ?"

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಅದು ವ್ಯಾಕರಣದಲ್ಲಿ ಬರಲ್ಲ ಮಗು" ಎಂದಳು. ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತರು. ಇಳಿಯುವ ಜಾಗ ದಾಟಿ ಮುಂದೆ ಹೋಗಿ ನಡೆದುಕೊಂಡು ವಾಪಸು ಬಂದರು.

ಮನೆಯಲ್ಲಿ ಪ್ರಶ್ನೆ ಕೇಳುವ ಕೆಲಸ ಮೆಕ್ಯಾನಿಕ್‌ನದು. ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದ, ಬಟ್ಟೆ ಮಡಚುತ್ತಾ ಕೇಳುತ್ತಿದ್ದ. ಯಾವುದೋ ಕಟ್ಟಡದ ತುದಿಯ ಮೋಟಾರ್ ಕೋಣೆಯಿಂದ ಫೋನ್ ಮಾಡಿ "ದೆಪೆಂದೇರ್?" ಎಂದು ಕೂಗುತ್ತಿದ್ದ. ಅವಲಂಬಿಸುವುದು ಎಂದರ್ಥ. ಮೋಟಾರಿನ ಗದ್ದಲದಲ್ಲಿ ಅವಳು ಅತ್ತಲಿಂದ "ಆ!" ಎನ್ನುತ್ತಿದ್ದಳು. 'ಆ' ಎಂದರೆ 'ಗೆ'. "ತಪ್ಪು! ದೆ, ದೆ!" ಎಂದು ಇವನು ಕೂಗಿದರೆ, ಪಕ್ಕದಲ್ಲಿದ್ದ ಕಾವಲುಗಾರ ಇವನಿಗೇನೋ ಹಿಡಿದಿದೆ ಎಂದುಕೊಂಡು ಮೆಲ್ಲಗೆ ಮೆಟ್ಟಿಲಿಳಿಯುತ್ತಿದ್ದ.

ವಿಚಿತ್ರವೆಂದರೆ ಅವನು ಕಲಿಯುತ್ತಾ ಹೋದ, ಅವಳು ಹಿಂದೆ ಬೀಳುತ್ತಾ ಹೋದಳು. ಅಭ್ಯಾಸದ ಪರೀಕ್ಷೆಗಳಲ್ಲಿ ಮೋಟುವಿನ ಹಾಳೆ ಕೆಂಪು ಗೆರೆಗಳಿಂದ ತುಂಬಿರುತ್ತಿತ್ತು. 'ಕೋನ್' ಇರಬೇಕಾದಲ್ಲಿ 'ದೆ', 'ದೆ' ಇರಬೇಕಾದಲ್ಲಿ 'ಆ'. "ಮಿಕ್ಕಿದ್ದೆಲ್ಲ ಬರುತ್ತೆ, ಇದೊಂದು ಮಾತ್ರ ತಲೆಗೆ ಹತ್ತಲ್ಲ. ಹೀಗಾದ್ರೆ ಪಾಸಾಗೋದು ಕಷ್ಟ" ಎಂದು ಟೀಚರ್ ತಲೆ ಕೆರೆದುಕೊಂಡಳು. ಮೆಕ್ಯಾನಿಕ್ ಮುಖ ಸಪ್ಪಗೆ ಮಾಡಿಕೊಂಡು ಹೂಂಗುಟ್ಟಿದ. ಆದರೆ ಪ್ರತಿ ಕೆಂಪು ಗೆರೆಗೂ ಅವನ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ಇನ್ನೊಂದು ವರ್ಷ. ಒಂದು ವರ್ಷದಲ್ಲಿ ಏನು ಬೇಕಾದರೂ ಆಗಬಹುದು. ಹೀಗೆ ಯೋಚಿಸುವಾಗ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಆದರೂ ಯೋಚಿಸುತ್ತಿದ್ದ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ಕರೆಂಟ್ ಹೋಗಿ ಅವನು ಬೇಗ ಮನೆಗೆ ಬಂದ. ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಮೋಟುವಿನ ದನಿ ಕೇಳಿಸಿತು. ಫೋನಿನಲ್ಲಿ ಆ ದೇಶದ ಪುಟ್ಟ ತಂಗಿಯ ಜೊತೆ ಮಾತಾಡುತ್ತಿದ್ದಳು. ಮಗು ಯಾವುದಕ್ಕೋ ರಚ್ಚೆ ಹಿಡಿದಿತ್ತು.

"ದೇಹಾ ದೆ ಯೊರಾರ್" ಎಂದಳು ಮೋಟು. ಅಳುವುದನ್ನು ನಿಲ್ಲಿಸು. 'ದೆ' ಇರಬೇಕಾದಲ್ಲೇ ಇತ್ತು. ಆಮೇಲೆ ಬೆಕ್ಕಿನ ಬಗ್ಗೆ ಏನೋ ಕೇಳಿದಳು, ಏನನ್ನೋ ಮರೆಯಬೇಡ ಎಂದಳು. ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ ಮಗುವಿನ ಅಳು ನಿಂತಾಗ ಮೆಲ್ಲಗೆ ಹೇಳಿದಳು: "ಆನೋಚೆ ಸೊನ್ಯೆ ಕೋನ್‌ತಿಗೊ." ನಿನ್ನೆ ರಾತ್ರಿ ನಿನ್ನ ಕನಸು ಕಂಡೆ. ನಿನ್ನ ಜೊತೆ.

ಮೆಕ್ಯಾನಿಕ್ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ನಿಂತುಬಿಟ್ಟ. ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಾ ಕೂತಿದ್ದರೆ ಇದೊಂದೂ ಅವನಿಗೆ ತಿಳಿಯುತ್ತಿರಲಿಲ್ಲ. ಸದ್ದು ಮಾಡದೆ ಹೊರಗೆ ಹೋಗಿ, ಬೀದಿಯ ಕೊನೆಯ ತನಕ ನಡೆದು, ಆಮೇಲೆ ಜೋರಾಗಿ ಗೇಟು ತೆಗೆಯುತ್ತಾ ಮತ್ತೆ ಬಂದ.

ಮಾರನೆಯ ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದರು.

"ಸೊನ್ಯಾರ್ ಆದ್ಮೇಲೆ ಏನು?" ಎಂದ.

"ದೆ."

"ನಿನ್ನೆ ತಂಗಿಗೆ ಹೇಳುವಾಗ ಕೋನ್ ಬಂತಲ್ಲ."

ಮೋಟುವಿನ ಕೈ ನಿಂತಿತು. "ಕದ್ದು ಕೇಳಿಸ್ಕೊಂಡ್ಯಾ?"

"ಬಾಗಿಲು ತೆಗೆದಿತ್ತು."

"ನಿಂಗೆ ಅರ್ಥ ಆಯ್ತಾ?"

"ಆಯ್ತು. ಆಗದೇ ಇದ್ದಿದ್ರೆ ಚೆನ್ನಾಗಿತ್ತು. ಯಾಕೆ ಮರಿ, ಬೇಕೂಂತ ತಪ್ಪು ಮಾಡ್ತಿದ್ದೀಯಾ?"

"ಫೇಲಾದ್ರೆ ಇನ್ನೊಂದು ವರ್ಷ ಇಲ್ಲೇ ಇರಬಹುದಲ್ಲ."

"ನಿನಗೆ ಹೋಗೋಕೆ ಇಷ್ಟ ಇಲ್ವಾ?"

ಇಲ್ಲ ಎಂದುಬಿಟ್ಟರೆ ಸಾಕಿತ್ತು. ಮೋಟು ಸಿಪ್ಪೆಗಳನ್ನು ಬೆರಳಿನಿಂದ ಸರಿಸುತ್ತಾ ಇದ್ದವಳು ಇದ್ದಕ್ಕಿದ್ದಂತೆ ಬಿಕ್ಕಿದಳು.

"ಇಷ್ಟ ಇದೆ ಮಾಮ. ಅದೇ ತೊಂದ್ರೆ. ತಂಗೀನ ಎತ್ಕೋಬೇಕು ಅನ್ಸುತ್ತೆ. ಅಪ್ಪನ್ನೂ ನೋಡ್ಬೇಕು. ಆದ್ರೆ ನಾನು ಹೋದ್ರೆ ನಿಂಗೆ ಯಾರಿದ್ದಾರೆ? ಅಮ್ಮನೂ ಇಲ್ಲ. ನೀನು ಊಟಾನೇ ಮಾಡಲ್ಲ. ನಂಗೆ ಗೊತ್ತು."

ಅವನು ಎದ್ದು ಹೋಗಿ ನಲ್ಲಿ ತಿರುಗಿಸಿ ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ. ಹೋಗಬೇಡ ಎಂಬ ಮಾತು ಗಂಟಲಿನ ತನಕ ಬಂದಿತ್ತು. ಒಂದು ಸಲ ಅಂದರೆ ಹುಡುಗಿ ನಿಲ್ಲುತ್ತಿದ್ದಳು, ಆಸೆಯನ್ನು ನುಂಗಿಕೊಂಡು, ಅವನು ಉಂಡನೋ ಇಲ್ಲವೋ ಎಂದು ದಿನಾ ಪಾತ್ರೆ ಮುಚ್ಚಳ ತೆಗೆದು ನೋಡುತ್ತಾ. ತಿಂಗಳುಗಳಿಂದ ಅವಳು ಅದನ್ನೇ ಮಾಡುತ್ತಿದ್ದಳೆಂದು ಅವನಿಗೆ ಆಗ ಹೊಳೆಯಿತು.

"ನನಗೆ ಯಾರಿದ್ದಾರೆ ಅನ್ನೋದು ನನ್ನ ತಲೆನೋವು. ನಿನ್ನ ಪರೀಕ್ಷೆಗೆ ಬರೋ ಪ್ರಶ್ನೆ ಅಲ್ಲ" ಎಂದ, ಗೋಡೆಯ ಕಡೆ ತಿರುಗಿಕೊಂಡೇ. "ಹೋಗಲ್ಲ ಅನ್ನೋದಾದ್ರೆ ಆಫೀಸರಮ್ಮನ ಮುಂದೆ ಬಾಯಿಬಿಟ್ಟು ಹೋಗಲ್ಲ ಅನ್ನು. ನಾನು ಕೋರ್ಟಿಗೆ ಬೇಕಾದ್ರೂ ಹೋಗ್ತೀನಿ. ಆದ್ರೆ ಗೊತ್ತಿರೋದನ್ನ ತಪ್ಪು ಬರೀಬೇಡ ಮೋಟು. ನನ್ನ ಸಲುವಾಗಿ ದಡ್ಡಿ ಅನ್ನಿಸ್ಕೋಬೇಡ."

"ಹೋಗ್ತೀನಿ ಅಂದ್ರೆ ನಿಂಗೆ ಬೇಜಾರಾಗಲ್ವಾ?"

"ಆಗಲ್ಲ."

"ಸುಳ್ಳು."

"ಸುಳ್ಳೇ. ಆಲೂಗಡ್ಡೆ ಸುಲಿ."

ಮೋಟು ಪಾಸಾದಳು. ಪುಟ್ಟ ಪದಗಳ ಭಾಗದಲ್ಲಿ ಒಂದು ತಪ್ಪೂ ಇರಲಿಲ್ಲ. ಟೀಚರ್ ತನ್ನ ಪಾಠದ ಮಹಿಮೆ ಎಂದು ಹಿಗ್ಗಿ ತರಗತಿಗೆಲ್ಲ ಚಾಕೊಲೇಟ್ ಹಂಚಿದಳು. ಮೆಕ್ಯಾನಿಕ್ ಒಂದನ್ನು ಬಾಯಿಗೆ ಹಾಕಿಕೊಂಡು, ಕೆನ್ನೆಯಲ್ಲಿ ಇಟ್ಟುಕೊಂಡೇ ಮನೆಯವರೆಗೆ ಬಂದ.

ಅಧಿಕಾರಿಯ ಮುಂದೆ ಈ ಸಲ ಮೋಟು "ಹೋಗ್ತೀನಿ" ಎಂದಳು. ಹೇಳುವಾಗ ಅವನ ಮುಖ ನೋಡಲಿಲ್ಲ.

ವಿಮಾನ ನಿಲ್ದಾಣದ ಸಾಲಿನಲ್ಲಿ ಅವಳ ಸೂಟ್‌ಕೇಸಿನ ಚಕ್ರ ಸಿಕ್ಕಿಕೊಂಡಿತು. ಮೆಕ್ಯಾನಿಕ್ ಮಂಡಿಯೂರಿ ಕೂತು ಬೀಗದ ಕೈಯ ತುದಿಯಿಂದ ಅದನ್ನು ಬಿಡಿಸತೊಡಗಿದ. ಚಕ್ರಕ್ಕೆ ಕೂದಲು ಸುತ್ತಿಕೊಂಡಿತ್ತು. ಮೊದಲು ಬಂದವು ಮೋಟುವಿನ ಮೋಟು ಕೂದಲು, ಅವುಗಳ ಅಡಿಯಲ್ಲಿ ಉದ್ದನೆಯವು. ಆ ಸೂಟ್‌ಕೇಸ್ ಅವಳ ತಾಯಿಯದು. ಅವನು ಉದ್ದನೆಯ ಕೂದಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ವಿಮಾನದ ಸಿಬ್ಬಂದಿಯ ಹೆಂಗಸು ಬಂದು "ಬಾರಮ್ಮ, ಹೊತ್ತಾಯ್ತು" ಎಂದಳು. ಮೋಟು ಅವನ ತಲೆಯ ಮೇಲೆ ಕೈ ಇಟ್ಟಳು, ದೊಡ್ಡವರು ಚಿಕ್ಕವರಿಗೆ ಇಡುವ ಹಾಗೆ. "ಊಟ ಮಾಡು ಮಾಮ" ಎಂದಳು. ಅವನು ಏಳುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿತ್ತು.

ಮೊದಲು ದಿನಾ ಫೋನ್ ಬರುತ್ತಿತ್ತು. ಶಾಲೆಯ ಗೆಳತಿಯರು, ಈಜಿನ ತರಗತಿ, ಚಿಕ್ಕಮ್ಮ ಮಾಡಿದ ಅಡುಗೆ, ತಂಗಿಯ ಕಿತಾಪತಿ. ಆಮೇಲೆ ವಾರಕ್ಕೊಮ್ಮೆ, ಭಾನುವಾರ ಅವನು ಮಾಡುವುದು ಎಂದಾಯಿತು. ಕನ್ನಡದಲ್ಲಿ ಮಾತಾಡುವಾಗ ಈಗ ಮೋಟು ನಡುನಡುವೆ ನಿಂತು "ಅದಕ್ಕೇನಂತಾರೆ ಮಾಮ?" ಎನ್ನುತ್ತಿದ್ದಳು. ಅವನು ಪದ ಹುಡುಕಿ ಕೊಡುತ್ತಿದ್ದ. ಸುಖವಾಗಿದ್ದಾಳೆ ಎಂದು ದನಿಯಲ್ಲೇ ತಿಳಿಯುತ್ತಿತ್ತು. ಅವನು ಬೇಡಿಕೊಂಡದ್ದೂ ಅದನ್ನೇ. ಆದರೂ ಫೋನ್ ಇಟ್ಟ ಮೇಲೆ ಮನೆಯಲ್ಲಿ ಯಾವ ಕೋಣೆಗೆ ಹೋಗಬೇಕೆಂದು ಅವನಿಗೆ ತೋಚುತ್ತಿರಲಿಲ್ಲ.

ಒಂದು ಭಾನುವಾರ ಅವನು ಅವರ ಮನೆಯ ಫೋನಿಗೆ ಕರೆ ಮಾಡಿದ. ಎತ್ತಿದ್ದು ಪುಟ್ಟ ತಂಗಿ. ಯಾರು ನೀನು ಎಂದು ತನ್ನ ಭಾಷೆಯಲ್ಲಿ ಕೇಳಿತು. ಮಲತಂದೆ ಎಂಬುದಕ್ಕೆ ಆ ಭಾಷೆಯಲ್ಲೂ ಒಂದು ಪದವಿದೆ, ಟೀಚರ್ ಹೇಳಿಕೊಟ್ಟಿದ್ದಳು. ಅದು ಅವನ ಬಾಯಿಗೆ ಬರಲಿಲ್ಲ. "ನಾನು ಲಿಫ್ಟಿನವನು" ಎಂದ ಸ್ಪ್ಯಾನಿಷ್‌ನಲ್ಲಿ. ಮಗುವಿಗೆ ಖುಷಿಯಾಯಿತು. ಅಕ್ಕ ಮನೆಯಲ್ಲಿಲ್ಲ, ಈಜಲು ಹೋಗಿದ್ದಾಳೆ, ನಮ್ಮ ಮನೆಯಲ್ಲಿ ಲಿಫ್ಟ್ ಇಲ್ಲ, ಬೆಕ್ಕು ಇದೆ ಎಂದಿತು. ಅಷ್ಟರಲ್ಲಿ ಬೇಸರ ಬಂದು ಫೋನನ್ನು ಎಲ್ಲೋ ಇಟ್ಟು ಓಡಿಹೋಯಿತು.

ಕರೆ ಕಟ್ಟಾಗಿರಲಿಲ್ಲ. ಅವನು ಕಿವಿಗೊಟ್ಟು ಕೂತ. ಪಾತ್ರೆಗಳ ಸದ್ದು, ಎಲ್ಲೋ ನೀರು ಹರಿಯುವ ಸದ್ದು. ಆಮೇಲೆ ಬಾಗಿಲು ತೆರೆದುಕೊಂಡಿತು, ಮೋಟು ಒಳಗೆ ಬಂದಳು. ಬರುತ್ತಲೇ ಏನೋ ಸುದ್ದಿ ಹೇಳತೊಡಗಿದಳು. ಅವಳು ಈಗ ಎಷ್ಟು ವೇಗವಾಗಿ ಮಾತಾಡುತ್ತಿದ್ದಳೆಂದರೆ ಅವನಿಗೆ ಒಂದು ವಾಕ್ಯವೂ ಕೈಗೆ ಸಿಗಲಿಲ್ಲ. ಒಬ್ಬ ಹೆಂಗಸು ನಕ್ಕಳು, ಒಬ್ಬ ಗಂಡಸು ನಕ್ಕ. ಮೋಟು ಎಲ್ಲರಿಗಿಂತ ಜೋರಾಗಿ ನಕ್ಕಳು. ಕುರ್ಚಿಗಳನ್ನು ಎಳೆದುಕೊಂಡು ಎಲ್ಲರೂ ಊಟಕ್ಕೆ ಕೂತರು. ಒಮ್ಮೆ ಗಟ್ಟಿಯಾಗಿ ಕೂಗಿದ್ದರೆ ಅವಳಿಗೆ ಕೇಳಿಸುತ್ತಿತ್ತೇನೋ. ಅವನು ಕೂಗಲಿಲ್ಲ. ಸ್ವಲ್ಪ ಹೊತ್ತು ಕೇಳಿ, ಮೆಲ್ಲಗೆ ಕರೆ ಕತ್ತರಿಸಿದ.

ರಾತ್ರಿ ಅವಳೇ ಮಾಡಿದಳು. "ಇವತ್ತು ಭಾನುವಾರ ಅಲ್ವಾ, ಯಾಕೆ ಮಾಮ ಫೋನೇ ಮಾಡ್ಲಿಲ್ಲ?"

"ಒಂದು ಕಡೆ ಲಿಫ್ಟ್ ಸಿಕ್ಕಿಕೊಂಡಿತ್ತು ಮರಿ. ಹೋಗಿದ್ದೆ" ಎಂದ. "ನೀನು ಹೇಳು. ಈಜು ಹೇಗಿತ್ತು?"