ಪ್ರೆಸ್ಸಿನ ಮುಂದೆ ಕೂಗುವ ಮಾತು

ಈ ದೇಶಕ್ಕೆ ಬಂದು ನಾನು ಕಲಿತ ಮೊದಲ ಮಾತು ‘ಕೈ’.

ತಗಡಿನ ಡಬ್ಬ ಮಾಡುವ ಕಾರ್ಖಾನೆ ನಮ್ಮದು. ಒಂದೊಂದು ಪ್ರೆಸ್ಸಿಗೂ ಇಬ್ಬರು. ಒಬ್ಬ ಅಚ್ಚಿನ ಮೇಲೆ ತಗಡು ಇಡುತ್ತಾನೆ, ಇನ್ನೊಬ್ಬ ಪೆಡಲ್ ತುಳಿಯುತ್ತಾನೆ, ಪ್ರೆಸ್ಸು ಬೀಳುತ್ತದೆ. ತುಳಿಯುವವನು ಮೊದಲು ‘ಕೈ’ ಎಂದು ಕೂಗಬೇಕು. ಕೂಗಿದ್ದೇ ತಡ, ಶೆಡ್ಡಿನಲ್ಲಿದ್ದವರೆಲ್ಲ ಎರಡೂ ಕೈ ಕಿವಿಯ ತನಕ ಎತ್ತಿಬಿಡುತ್ತಾರೆ. ಯಾರ ಪ್ರೆಸ್ಸು ಎಂದು ನೋಡುತ್ತ ಕೂರುವುದಿಲ್ಲ. ಟೀ ಕುಡಿಯುತ್ತಿದ್ದವನು ಲೋಟದ ಸಮೇತ ಎತ್ತುತ್ತಾನೆ, ತಲೆ ಮೇಲೆ ಟೀ ಸುರಿದುಕೊಂಡು ಕೂಗಿದವನನ್ನು ಬೈಯುತ್ತಾನೆ.

ನನ್ನನ್ನು ಪರದೇಶಿ ಎಂದೇ ಕರೆಯುತ್ತಾರೆ. ಕೇಳದೆ ನನ್ನ ಊಟದ ಡಬ್ಬಿ ತೆಗೆದು ರುಚಿ ನೋಡಿ, ಮುಖ ಕಿವುಚಿ, ತಮ್ಮದರಲ್ಲಿ ಅರ್ಧ ತುಂಬಿಸಿ ಕೊಡುತ್ತಾರೆ. ಮೇಸ್ತ್ರಿಯಂತೂ ಒಂದು ದಿನ ಬೈಯದಿದ್ದರೆ ಅವನಿಗೆ ಮೈ ಹುಷಾರಿಲ್ಲವೇನೋ ಎಂದು ನನಗೇ ಚಿಂತೆ. ಇಂಥವರನ್ನು ಬಿಟ್ಟು ಊರಿಗೆ ಹೋಗುವುದಾದರೂ ಹೇಗೆ?

ನಾನು ಕೂರುವ ಜಾಗದಲ್ಲಿ ಮೊದಲು ಮೇಸ್ತ್ರಿಯ ಭಾಮೈದ ಕೂರುತ್ತಿದ್ದ. ಪ್ರೆಸ್ಸಿಗೆ ಬಲಗೈಯ ಎರಡು ಬೆರಳು ಕೊಟ್ಟ. ಕುಡಿದು ಬಂದಿದ್ದ, ಕೂಗಿದ್ದು ಅವನ ಕಿವಿಗೇ ಬೀಳಲಿಲ್ಲ ಎಂದು ಮೇಸ್ತ್ರಿ ಹೇಳಿದ. ಮಾಲೀಕರು ಅವನನ್ನು ಹೊರಗೆ ಹಾಕಿದರು, ನಾನು ಬಂದೆ. ಪರದೇಶಿಯ ಕೈಯನ್ನೂ ತನ್ನದರ ಹಾಗೇ ಮಾಡುತ್ತೇನೆಂದು ಅವನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನಾನು ನಕ್ಕಿದ್ದೆ.

ಒಂದು ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಾಗ ಅವನು ಸ್ಪ್ಯಾನರ್ ಹಿಡಿದು ಬಂದ. ಮೊದಲ ಏಟಿಗೇ ಸ್ಪ್ಯಾನರ್ ನನ್ನ ಎಡ ಹೆಗಲಿನ ಮೂಳೆ ಮುರಿಯಿತು. ಎರಡನೆಯದಕ್ಕೆ ಹಲ್ಲು ಹೋಯಿತು. ಸ್ಪ್ಯಾನರ್ ಎಸೆದು, ನನ್ನ ಬಲಗೈಯನ್ನು ಅಚ್ಚಿನ ಮೇಲೆಳೆದು ಎರಡೂ ಕೈಯಲ್ಲಿ ಒತ್ತಿ ಹಿಡಿದ.

“ನನ್ನ ಹೊಟ್ಟೆ ಮೇಲೆ ಹೊಡೆದ ಕೈ ಇದೇ ತಾನೆ?” ಎಂದ. ಅವನ ಕಾಲು ಪೆಡಲನ್ನು ಹುಡುಕುತ್ತಿತ್ತು.

ಬೇಡಿಕೊಳ್ಳಲು ಬಾಯಿಗೆ ಬಂದದ್ದೆಲ್ಲ ನನ್ನೂರಿನ ಮಾತು. ಅವನು ನಕ್ಕ. ಆಗ, ಎಲ್ಲಿಂದ ಬಂತೋ, “ಕೈ” ಎಂದು ಕಿರುಚಿದೆ.

ಅವನ ಎರಡೂ ಕೈ ಕಿವಿಗೆ ಹಾರಿದವು. ನಾನು ನನ್ನದನ್ನು ಎಳೆದುಕೊಂಡೆ. ಅಷ್ಟರಲ್ಲಿ ಅವನ ಕಾಲಿಗೆ ಪೆಡಲ್ ಸಿಕ್ಕಿತ್ತು, ಪ್ರೆಸ್ಸು ಬರೀ ಅಚ್ಚಿನ ಮೇಲೆ ಧಡ್ ಎಂದು ಬಿತ್ತು.

ಸದ್ದಿಗೆ ಎಲ್ಲರೂ ಓಡಿ ಬಂದರು. ನನ್ನ ರಕ್ತ ಕಂಡವರೇ ಅವನ ಮೇಲೆ ಬಿದ್ದರು. ನನ್ನ ಡಬ್ಬಿಗೆ ಪ್ರೀತಿಯಿಂದ ಕೈ ಹಾಕುವ ಇದೇ ಜನ ಅವನ ಹೊಟ್ಟೆಗೆ ಒದ್ದರು, ತಲೆಯನ್ನು ನೆಲಕ್ಕೆ ಬಡಿದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ಮೇಸ್ತ್ರಿ. ಅಕ್ಕನ ಗಂಡನ ಕೈಯಲ್ಲೇ ಅವನ ಪಕ್ಕೆಲುಬು ಮುರಿದದ್ದು ನನಗೆ ಕೇಳಿಸಿತು. ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡ. ಇನ್ನೊಂದು ಏಟಿಗೆ ಮುಗಿಯುತ್ತಿತ್ತು.

“ಕೈ” ಎಂದು ಮತ್ತೆ ಕೂಗಿದೆ.

ಆರು ಜನರ ಹನ್ನೆರಡು ಕೈ ಮೇಲೆದ್ದವು.

ನೆಲದಲ್ಲಿ ಬಿದ್ದಿದ್ದವನು ರಕ್ತ ಉಗಿದು ಮೇಸ್ತ್ರಿಯ ಮುಖವನ್ನೇ ನೋಡಿದ.

“ಪರದೇಶಿಗಾದ್ರೂ ಕೂಗೋಕೆ ಬಾಯಿ ಬಂತು. ಅವತ್ತು ಪೆಡಲ್ ಮೇಲೆ ನಿಮ್ಮ ಕಾಲಿತ್ತು ಭಾವ. ನೀವು ಕೂಗ್ಲೇ ಇಲ್ಲ.”

ಸುಳ್ಳು ಎಂದು ಮೇಸ್ತ್ರಿ ಹೇಳಲಿ ಎಂದು ಕಾದೆವು. ಅವನು ಬೈಯಲೂ ಇಲ್ಲ. ಉಳಿದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಮೇಸ್ತ್ರಿಯ ಕೈಗಳು ಮಾತ್ರ, ಸ್ಪ್ಯಾನರ್ ಹಿಡಿದಂತೆಯೇ, ಕಿವಿಯ ಹತ್ತಿರವೇ ನಿಂತಿದ್ದವು.