ಹತ್ತೂವರೆಯ ಗಾಡಿ

ಮದುವೆಗೆ ಇನ್ನು ನಾಲ್ಕೇ ದಿನ. ಅಂಥ ಹೊತ್ತಿನಲ್ಲಿ ಹೆಣ್ಣಿನ ತಾಯಿ ಮನೋವೈದ್ಯೆಗೆ ಫೋನ್ ಮಾಡಿ, ‘ಡಾಕ್ಟರ್ರ, ನಮ್ಮನಿಯವರು ಹಾಡ್ಲಿಕ್ಕತ್ತಾರ’ ಎಂದು ಅತ್ತರೆ ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಹಂಸಾ ನಗಲಿಲ್ಲ. ಅರ್ಧ ಕುಡಿದ ಚಹಾದ ಮಣ್ಣಿನ ಕುಡಿಕೆಯನ್ನು ಮೇಜಿನ ಮೇಲಿಟ್ಟು, ‘ಎಷ್ಟು ಟಿಕ್ ಆಯ್ತು ಸಾವಿತ್ರಮ್ಮ?’ ಎಂದು ಕೇಳಿದಳು.

‘ಏಳರಾಗ ಐದರಿ.’

ಐದು ಎಂದರೆ ಕಡಿಮೆಯಲ್ಲ. ಆ ಏಳು ಲಕ್ಷಣಗಳ ಪಟ್ಟಿ ಬರೆದವಳೇ ಹಂಸಾ. ಮಾತು ಹೆಚ್ಚು, ಹಾಡು-ನಗು ಜೋರು, ಖರ್ಚು, ಹೊಸ ಹೊಸ ಯೋಜನೆ, ಗುರುತಿಲ್ಲದವರ ಸ್ನೇಹ, ಸಿಟ್ಟು, ನಿದ್ದೆ ಕಡಿಮೆ. ಕೊಲ್ಕತ್ತೆಯ ನೂರ ನಲವತ್ತು ಮನೆಗಳ ಫ್ರಿಜ್ಜಿನ ಮೇಲೆ ಆ ಹಾಳೆ ಅಂಟಿಕೊಂಡಿತ್ತು. ಮನಸ್ಸಿನ ಏರಿಳಿತವೇ ಕಾಯಿಲೆಯಾದವರನ್ನು ಅವಳು ಇಪ್ಪತ್ತೆರಡು ವರ್ಷದಿಂದ ನೋಡುತ್ತ ಬಂದಿದ್ದಳು. ಏರು ಹತ್ತುವ ಮುಂಚೆಯೇ ಮನೆಯವರು ಅದನ್ನು ಗುರುತಿಸಬಹುದೇ ಎನ್ನುವುದು ಅವಳ ಸಂಶೋಧನೆ. ಮೈಸೂರಿನಿಂದ ಅವಳ ತಾಯಿ ಫೋನಿನಲ್ಲಿ ಆಗಾಗ ಹೇಳುತ್ತಿದ್ದರು, ‘ಜನ ಅತ್ತರೂ ನಿನಗೆ ಕೆಲಸ, ನಕ್ಕರೂ ನಿನಗೆ ಕೆಲಸ. ಒಳ್ಳೇ ಉದ್ಯೋಗ ಹಿಡಿದೆ ಕಣೇ.’

ಗುಂಡಪ್ಪನವರ ಕಥೆ ಗೊತ್ತಿದ್ದವರಿಗೆ ಸಾವಿತ್ರಮ್ಮನ ಭಯವೂ ಅರ್ಥವಾಗುತ್ತಿತ್ತು. ಧಾರವಾಡದ ಈ ಮನುಷ್ಯ ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ ಇಲ್ಲೇ ನಿವೃತ್ತರಾದವರು. ಆರು ವರ್ಷದ ಹಿಂದೆ ದೊಡ್ಡ ಮಗಳು ವಂದನಾಳ ಮದುವೆಯ ವಾರ ಅವರು ಮೂರು ಬ್ಯಾಂಡ್ ಸೆಟ್ ಗೊತ್ತುಮಾಡಿ, ಹಸಿರು ಬಾವುಟ ಹಿಡಿದು ಹಳಿಯ ಮೇಲೆ ನಿಂತು ಟ್ರಾಮಿಗೆ ಸಿಗ್ನಲ್ ಕೊಟ್ಟಿದ್ದರು. ಕೇಳಲು ತಮಾಷೆ. ಆದರೆ ಮಗಳಿಗೆ ಧಾರೆ ಎರೆಯುವ ಹೊತ್ತಿಗೆ ಅಪ್ಪ ಆಸ್ಪತ್ರೆಯ ವಾರ್ಡಿನಲ್ಲಿದ್ದರು. ಧಾರೆ ಎರೆದದ್ದು ಸೋದರಮಾವ ನರಸಿಂಹಮೂರ್ತಿ. ಗುಣವಾಗಿ ಮನೆಗೆ ಬಂದ ಮೇಲೆ ಗುಂಡಪ್ಪನವರು ಮದುವೆಯ ಆಲ್ಬಮ್ಮನ್ನು ಒಮ್ಮೆಯೂ ತೆಗೆದು ನೋಡಲಿಲ್ಲ. ಈಗ ಕಿರಿಯವಳು ವರ್ಷಿಣಿಯ ಸರದಿ, ಹುಡುಗ ಇದೇ ಊರಿನ ಬೆಹಾಲಾ ಬಡಾವಣೆಯ ಬಂಗಾಳಿ. ಈ ಧಾರೆಯಾದರೂ ತಂದೆಯ ಕೈಯಿಂದಲೇ ಆಗಬೇಕು ಎಂಬ ಒಂದೇ ಆಸೆಗೆ ಆ ಮನೆ ಜೋತುಬಿದ್ದಿತ್ತು.

ಹಂಸಾ ಟ್ಯಾಕ್ಸಿ ಹಿಡಿದು ಲೇಕ್ ಗಾರ್ಡನ್ಸಿಗೆ ಹೋದಳು. ರೈಲಿನ ಸದ್ದು ಕೇಳದಿದ್ದರೆ ಊಟ ಸೇರದು ಎಂದು ಗುಂಡಪ್ಪನವರು ಸ್ಟೇಷನ್ನಿಗೆ ಅಂಟಿಕೊಂಡೇ ಮನೆ ಮಾಡಿದ್ದರು. ಮೂರನೇ ಮಹಡಿಯ ಹಾಡು ಮೆಟ್ಟಿಲ ಬುಡಕ್ಕೇ ಕೇಳಿಸಿತು. ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ, ದನಿ ಮಾತ್ರ ಗಟ್ಟಿ.

ಬಾಗಿಲಲ್ಲೇ ಸಾವಿತ್ರಮ್ಮ ಕೈ ಹಿಡಿದುಕೊಂಡರು. ‘ನಿನ್ನೆ ಎಂಬತ್ತು ಸಂದೇಶ ಮಿಠಾಯಿ ತಂದು ರಿಕ್ಷಾ ಸ್ಟ್ಯಾಂಡಿನವರಿಗೆಲ್ಲಾ ಹಂಚ್ಯಾರ. ಅವರನ್ನೆಲ್ಲಾ ಮದುವಿಗೂ ಕರದಾರ. ಮಂಟಪಕ್ಕ ಸ್ಟೇಷನ್ ಬೋರ್ಡ್ ಬರಿಸ್ಯಾರ, ಈ ಕಡೆ ಧಾರವಾಡ, ಆ ಕಡೆ ಬೆಹಾಲಾ. ಒಂದು ಇಂಜೆಕ್ಷನ್ ಕೊಡ್ರಿ, ನಾಲ್ಕು ದಿನ ತಣ್ಣಗಿರಲಿ. ನಿಮ್ಮ ಕಾಲು ಬೀಳ್ತೀನಿ.’

ಹಾವು ಕಂಡ ಕಣ್ಣಿಗೆ ಹಗ್ಗವೂ ಹಾವೇ. ಆದರೆ ಇದು ಹಗ್ಗವೋ ಹಾವೋ, ಹಂಸಾಳಿಗೂ ಗೊತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟರೆ ಮದುವೆಯ ದಿನ ಅವರು ತೂಕಡಿಸುತ್ತ ಮೂಲೆಯಲ್ಲಿ ಕೂತಿರುತ್ತಾರೆ. ಕೊಡದೆ ಕಾಯಿಲೆ ಏರಿತೋ, ಮತ್ತೆ ವಾರ್ಡು. ಎರಡರಲ್ಲೂ ಧಾರೆಯ ತಂಬಿಗೆ ನರಸಿಂಹಮೂರ್ತಿಯ ಕೈಗೇ.

ಅಷ್ಟರಲ್ಲಿ ಗುಂಡಪ್ಪನವರು ಒಳಗಿನಿಂದ ಬಂದರು. ಹೆಂಡತಿಯ ಮುಖ ನೋಡಿದರು, ಹಂಸಾಳ ಕೈಚೀಲ ನೋಡಿದರು. ಹಾಡು ನಿಲ್ಲಿಸಿದರು.

‘ಹೆಚ್ಚಾತೇನ್ರಿ ಡಾಕ್ಟರ್ರ?’ ಅವರು ಮೆಲ್ಲಗೆ ಕೇಳಿದರು. ‘ಕಡಿಮಿ ಮಾಡ್ತೀನಿ ಬಿಡ್ರಿ. ಸಂತೋಷ ಅಂದ್ರ ಎಲ್ಲೀ ಮಟ ಇರಬೇಕು, ಅದೊಂದು ಹೇಳಿಬಿಡ್ರಿ. ಅಷ್ಟೇ ಇಟ್ಕೋತೀನಿ.’

ಹಂಸಾ ಕೈಚೀಲವನ್ನು ಕುರ್ಚಿಯ ಹಿಂದೆ ಸರಿಸಿದಳು. ಆರು ವರ್ಷದಲ್ಲಿ ಈ ಮನೆಗೆ ತಾನು ಕಲಿಸಿದ್ದು ಇದನ್ನೇ? ಮನುಷ್ಯ ನಕ್ಕರೆ ಹೆಂಡತಿ ಪೆನ್ನು ಹುಡುಕಬೇಕು, ಹಾಡಿದರೆ ಡಾಕ್ಟರು ಚೀಲ ಹಿಡಿದು ಓಡಿಬರಬೇಕು. ಯಾಕೆ ನಕ್ಕರು ಎಂದು ಬರೆಯಲು ಪಟ್ಟಿಯಲ್ಲಿ ಒಂದು ಅಂಗುಲ ಜಾಗವನ್ನೂ ಅವಳು ಬಿಟ್ಟಿರಲಿಲ್ಲ. ದುರ್ಗಾಪೂಜೆಯ ನಾಲ್ಕು ದಿನ ಊರಿಗೆ ಊರೇ ಬೀದಿಯಲ್ಲಿ ಕುಣಿಯುವ ಈ ಕೊಲ್ಕತ್ತೆಯಲ್ಲಿ ಅಂಥ ಪಟ್ಟಿ ಮಾಡಿದ ಮಹಾ ಬುದ್ಧಿವಂತೆ ತಾನು! ಅವಳು ಫ್ರಿಜ್ಜಿನ ಹತ್ತಿರ ಹೋಗಿ ಆ ಹಾಳೆ ನೋಡಿದಳು.

‘ಸಾವಿತ್ರಮ್ಮ, ನಿದ್ದೆಯ ಮುಂದೆ ಟಿಕ್ ಇಲ್ವಲ್ಲ?’

‘ನನಗ ಗೊತ್ತಿಲ್ಲರಿ. ನಾ ಹೊರಗಿನ ಖೋಲ್ಯಾಗ ಉಡುಗೊರಿ ಕಟ್ಟಿಕೋತ ಅಲ್ಲೇ ಮಲಗಿರ್ತೀನಿ.’

‘ನನ್ನ ಗ್ರಾಫ್ ಅದ ಅಲ್ರಿ’ ಎಂದರು ಗುಂಡಪ್ಪನವರು.

ಆ ಗ್ರಾಫನ್ನು ಹಂಸಾ ಮೊದಲೂ ನೋಡಿದ್ದಳು, ಹಳೆಯ ಕೆಲಸದ ಚಟವೆಂದು ಬದಿಗಿಟ್ಟಿದ್ದಳು. ಕಂಟ್ರೋಲರು ಪ್ರತಿ ರೈಲಿನ ಓಟವನ್ನೂ ಚೌಕುಳಿ ಹಾಳೆಯ ಮೇಲೆ ಗೆರೆ ಎಳೆದು ತೋರಿಸಬೇಕು, ತಡವಾದರೆ ಕಾರಣ ಬರೆಯಬೇಕು. ಗುಂಡಪ್ಪನವರು ತಮ್ಮ ನಿದ್ದೆಯನ್ನೇ ಒಂದು ಗಾಡಿ ಮಾಡಿಕೊಂಡಿದ್ದರು. ಹೊರಡುವುದು ಹತ್ತೂವರೆಗೆ, ತಲುಪುವುದು ಬೆಳಿಗ್ಗೆ ಐದೂವರೆಗೆ. ಆರು ವರ್ಷದ ಹಾಳೆಗಳು ಊಟದ ಮೇಜು ಪೂರ್ತಿ ಹರಡಿಕೊಂಡವು. ಮೂರು ವರ್ಷದ ಹಿಂದೆ ಕಾಯಿಲೆ ಸ್ವಲ್ಪ ತಲೆಯೆತ್ತಿತ್ತು, ಅದಕ್ಕೂ ಐದು ದಿನ ಮೊದಲೇ ಗಾಡಿ ಹನ್ನೊಂದಕ್ಕೆ, ಹನ್ನೆರಡಕ್ಕೆ, ಎರಡಕ್ಕೆ ಜಾರಿತ್ತು. ಕಾರಣದ ಜಾಗ ಖಾಲಿ. ಮಗಳ ಫಲಿತಾಂಶ ಬಂದ ದಿನ, ಪೂಜೆಯ ದಿನಗಳು, ಮೊಮ್ಮಗ ಹುಟ್ಟಿದ ವಾರ ಸಾವಿತ್ರಮ್ಮ ಪಟ್ಟಿಯ ತುಂಬ ಟಿಕ್ ಹಾಕಿದ್ದರು. ಗಾಡಿ ಮಾತ್ರ ಹಳಿ ಬಿಟ್ಟಿರಲಿಲ್ಲ. ಈ ವಾರವೂ ಅಷ್ಟೇ, ಹತ್ತೂವರೆಗೆ ಹತ್ತೂವರೆ.

ನಿದ್ದೆ ಕೆಟ್ಟರೆ ಏರು ಬರುತ್ತದೆ ಎಂದು ಪುಸ್ತಕದಲ್ಲಿ ಎಂದೋ ಬರೆದಿದೆ. ಅದನ್ನು ಏಳರಲ್ಲಿ ಒಂದು ಮಾಡಿ, ಸಂತೋಷದ ಪಕ್ಕದಲ್ಲೇ ಕೂರಿಸಿದ್ದು ತನ್ನ ತಪ್ಪು ಎಂದು ಹಂಸಾಳಿಗೆ ಈಗ ಕಂಡಿತು.

‘ಇವರೇ ಬರಕೊಂಡಿದ್ದು. ನಂಬೂದು ಹ್ಯಾಂಗ?’ ಎಂದರು ಸಾವಿತ್ರಮ್ಮ.

ಮದುಮಗಳು ವರ್ಷಿಣಿ ಬಾಗಿಲಿಗೆ ಒರಗಿ ನಿಂತಿದ್ದಳು. ‘ಅಮ್ಮ, ಸಚ್ಚಿ, ನಿಜವಾಗ್ಲೂ. ನಾನು ಪಕ್ಕದ ರೂಮಲ್ಲೇ ಇರ್ತೀನಲ್ಲ. ಅಪ್ಪನ ಗೊರಕೆ ವಿಡಿಯೋ ಕಾಲಲ್ಲಿ ನನ್ನ ಹುಡುಗನಿಗೂ ಕೇಳುತ್ತೆ. ಡೈಲಿ ಹತ್ತೂವರೆ. ಅವರ ಮನೇಲೆಲ್ಲ ಅದಕ್ಕೆ ಲೇಕ್ ಗಾರ್ಡನ್ಸ್ ಲೋಕಲ್ ಟ್ರೇನ್ ಅಂತಾರೆ.’

ಗುಂಡಪ್ಪನವರು ನಾಚಿ ಮೀಸೆ ಸವರಿಕೊಂಡರು. ಬೀಗರ ಮನೆಯಲ್ಲಿ ಮರ್ಯಾದೆ ಹೋದರೂ ಮೊಕದ್ದಮೆ ಗೆದ್ದಿತ್ತು.

‘ಇಂಜೆಕ್ಷನ್ ಬೇಡ’ ಎಂದಳು ಹಂಸಾ. ‘ಮಾತ್ರೆ ಈಗಿದ್ದಷ್ಟೇ. ದಿನಾ ಬೆಳಿಗ್ಗೆ ಗ್ರಾಫಿನ ಫೋಟೋ ಕಳಿಸಿ. ಗಾಡಿ ಒಂದು ಗಂಟೆ ತಡವಾದರೆ ನಾನೇ ಬಂದು ಕೂರ್ತೀನಿ. ಮತ್ತೆ ಗುಂಡಪ್ಪನವರೇ, ನೀವು ಹಾಡಿ.’

ಗಟ್ಟಿಯಾಗಿ ಹೇಳಿದಳೇನೋ ನಿಜ. ಆದರೆ ಮುಂದಿನ ಮೂರು ದಿನವೂ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವಳು ಫೋನ್ ನೋಡಿದಳು. ಹತ್ತೂವರೆ. ಹತ್ತೂವರೆ. ಹತ್ತು ಮೂವತ್ತೆರಡು, ಕಾರಣ, ಹಲ್ಲಿಗೆ ಸಿಕ್ಕಿದ ಚಕ್ಕುಲಿ.

ಮದುವೆಯ ಬೆಳಿಗ್ಗೆ ಮಂಟಪದ ಒಂದು ಕಂಬದ ಮೇಲೆ ಧಾರವಾಡ, ಇನ್ನೊಂದರ ಮೇಲೆ ಬೆಹಾಲಾ. ರಿಕ್ಷಾ ಸ್ಟ್ಯಾಂಡಿನವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಪುರೋಹಿತರು ತಂಬಿಗೆ ಎತ್ತಿಕೊಟ್ಟಾಗ ಒಂದಿಷ್ಟು ನೀರು ಗುಂಡಪ್ಪನವರ ಪಂಚೆಯ ಮೇಲೆ ತುಳುಕಿತು. ಪಕ್ಕದಲ್ಲಿದ್ದ ನರಸಿಂಹಮೂರ್ತಿ ಆಸರೆಗೆ ಕೈ ಚಾಚಿದರು. ‘ಬ್ಯಾಡ ಮೂರ್ತಿ, ಈ ಸಲ ನನ್ನ ಡ್ಯೂಟಿ’ ಎಂದು ಗುಂಡಪ್ಪನವರು ನೀರು ಎರೆದರು. ಬಂಗಾಳಿ ಹೆಂಗಸರು ನಾಲಿಗೆ ಹೊರಳಿಸಿ ಉಲು ಉಲು ಎಂದು ಮಂಗಳಧ್ವನಿ ಮಾಡಿದರು. ಗುಂಡಪ್ಪನವರು ಅತ್ತರು, ನಕ್ಕರು, ಆಮೇಲೆ ಯಾರೂ ಕೇಳದಿದ್ದರೂ ಹಾಡಿದರು. ಹಂಸಾ ಅಂದು ಲಕ್ಷಣ ಎಣಿಸಲಿಲ್ಲ, ಹೋಳಿಗೆ ಎಣಿಸಿದಳು. ನಾಲ್ಕಾಯಿತು.

ಮರುದಿನ ಬೆಳಿಗ್ಗೆ ಫೋನಿಗೆ ಎರಡು ಫೋಟೋ ಬಂದವು. ಮೊದಲನೆಯದು ಗ್ರಾಫು. ‘ಹತ್ತು ನಲವತ್ತು, ಹತ್ತು ನಿಮಿಷ ಲೇಟು. ಕಾರಣ: ಮಗಳ ಮದುವಿ.’

ಎರಡನೆಯದು ಫ್ರಿಜ್ಜಿನ ಮೇಲಿನ ಹಾಳೆ. ಗುಂಡಪ್ಪನವರ ಹೆಸರು ಹೊಡೆದುಹಾಕಿ ಮೇಲೆ ‘ಸಾವಿತ್ರಿ’ ಎಂದು ಬರೆದಿತ್ತು. ಮಾತು ಹೆಚ್ಚು, ಟಿಕ್. ಹಾಡು-ನಗು, ಟಿಕ್. ಖರ್ಚು, ಯೋಜನೆ, ರಿಕ್ಷಾದವರ ಹೆಂಡಂದಿರ ಸ್ನೇಹ, ಎಲ್ಲಕ್ಕೂ ಟಿಕ್. ಕೆಳಗೆ ಸಾವಿತ್ರಮ್ಮನ ದುಂಡನೆಯ ಅಕ್ಷರ: ‘ಡಾಕ್ಟರ್ರ, ಆರು ವರ್ಷದ ಮ್ಯಾಲೆ ನಿನ್ನೆ ಕಣ್ತುಂಬ ನಿದ್ದಿ ಬಂತು. ನನಗೇನರೆ ಇಂಜೆಕ್ಷನ್ ಬೇಕೇನ್ರಿ?’